ಮುಖವಾಡದೊಳಗೆ ರೊಟ್ಟಿ ಬಡಿದ ದಿನಗಳು

ನನ್ನ ಎಡಗಿವಿಯ ಕೆಳಗೆ ಗಂಟೊಂದಿದೆ ಎಂದು ಕಂಡುಹಿಡಿದವಳು ಮಗಳು ಸವಿತಾ. ಭಾನುವಾರ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಬೆರಳು ಒಂದು ಕಡೆ ನಿಂತುಬಿಟ್ಟಿತು.

“ಅವ್ವಾ, ಇದೇನಿದು? ಇಲ್ಲಿ ಗಟ್ಟಿಯಾಗಿದೆ.”

ಮುಟ್ಟಿ ನೋಡಿಕೊಂಡೆ. ನೆನೆಸಿದ ಕಡಲೆಕಾಳಿನಷ್ಟಿತ್ತು. ಒತ್ತಿದರೆ ನೋವಿಲ್ಲ. “ಉಷ್ಣಕ್ಕ ಆಗಿರಬೇಕು ಬಿಡು,” ಎಂದು ಜಡೆ ಹಾಕಿಸಿಕೊಂಡು ಎದ್ದೆ.

ಟಿ. ದಾಸರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಸಣ್ಣ ಖಾನಾವಳಿ. ಕೆಳಗೆ ಅಡುಗೆಮನೆ ಮತ್ತು ಊಟದ ಕೋಣೆ, ಮೇಲೆ ನಾವಿರುವ ಮನೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ, ನಮ್ಮಂತೆಯೇ ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಹುಡುಗರು ಜೋಳದ ರೊಟ್ಟಿ ಉಣ್ಣಲು ನಮ್ಮಲ್ಲಿಗೆ ಬರುತ್ತಾರೆ. ನಮ್ಮನೆಯವರು ಈರಣ್ಣ, ಮಾಕಳಿಯ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಅಡುಗೆ ನನ್ನದು. ಇಂಥ ಮನೆಯಲ್ಲಿ ಕಾಯಿಲೆ ಬೀಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಗಂಟು ಕಡಲೆಕಾಳಿನಿಂದ ಗೋಲಿಯಷ್ಟಾಗುವವರೆಗೂ ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಓಡಾಡಿದೆ. ಕೊನೆಗೆ ಸವಿತಾ ಕಾಲೇಜಿಗೆ ರಜೆ ಹಾಕಿ, ಕೈ ಹಿಡಿದು ಎಳೆದುಕೊಂಡೇ ಹೋದಳು. ನಮ್ಮ ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಗೆ ಅದು ಜಗ್ಗದಿದ್ದಾಗ ಊರೊಳಗಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಕೇಳಲು ಹೋದ ದಿನ ನಾನೂ ಈರಣ್ಣನೂ ಕಾಯುವ ಕೋಣೆಯಲ್ಲಿ ಕುಳಿತಿದ್ದೆವು. ಗೋಡೆಯ ಟಿ.ವಿ.ಯಲ್ಲಿ ಯಾರೋ ಒಬ್ಬಳು ದನಿಯಿಲ್ಲದೆ ಪಲಾವು ಮಾಡುತ್ತಿದ್ದಳು. ಎದುರಿಗೆ ಒಬ್ಬರು ಮುದುಕರು, ಮೂಗಿಗೆ ನಳಿಕೆ ಹಾಕಿಕೊಂಡೇ ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಅವರ ಪಕ್ಕದ ಹೆಂಗಸಿನ ತಲೆಗೆ ಬಟ್ಟೆ ಸುತ್ತಿತ್ತು. ಪಾಪ, ರೋಗಿಗಳು ಎಂದುಕೊಂಡೆ. ನಾನು ಬರೀ ತೋರಿಸಿಕೊಳ್ಳಲು ಬಂದವಳು, ಇವರ ಸಾಲಿನವಳಲ್ಲ ಎಂಬ ಧೈರ್ಯ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

“ಮಹಾದೇವಿಯವರೇ, ಇದು ಕ್ಯಾನ್ಸರ್ ಗೆಡ್ಡೆ,” ಎಂದರು ಡಾಕ್ಟರು. “ಜೊಲ್ಲು ಬರೋ ಗ್ರಂಥಿಲಿದೆ. ಆಪರೇಷನ್ ಮಾಡಿ ತೆಗೀಬೇಕು. ಆಮೇಲೆ ಕರೆಂಟ್ ಟ್ರೀಟ್‌ಮೆಂಟ್, ಅಂದ್ರೆ ರೇಡಿಯೇಷನ್, ಬೇಕಾಗತ್ತೆ.”

ಈರಣ್ಣ ಕುರ್ಚಿಯ ತುದಿಗೆ ಬಂದರು. “ಗುಣಾ ಆಗತೈತಲ್ರೀ ಸಾಹೇಬ್ರ?”

“ಆಗೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಮುಖದ ನರ ಆ ಗ್ರಂಥಿ ಮಧ್ಯದಲ್ಲೇ ಹೋಗತ್ತೆ. ಅದನ್ನ ಉಳಿಸೋಕೆ ನೋಡ್ತೀವಿ. ಅಮ್ಮಾ, ಒಂದ್ಸಲ ನಕ್ಕು ತೋರಿಸಿ.”

ನಗಬೇಕಿತ್ತು. ನನ್ನ ಬಾಯಿ ಅಗಲವಾಯಿತು, ಅಷ್ಟೆ. ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಹುಬ್ಬು ಏರಿಸಿ ಎಂದರು. ಹೇಳಿದ್ದನ್ನೆಲ್ಲ ಮಾಡಿದೆ. ಇವೆಲ್ಲ ನನ್ನಿಂದ ಆಗುವ ಕೊನೆಯ ಸಲವೇ ಇರಬಹುದು ಎಂದು ಹೊಳೆದದ್ದು ಹೊರಗೆ ಬಂದ ಮೇಲೆ. ಗೋಡೆ ಹಿಡಿದು ನಿಂತೆ.

ಮೆಟ್ರೊದಲ್ಲಿ ಹಿಂದಿರುಗುವಾಗ ಈರಣ್ಣ ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕು, ಜೋಳದ ಹಿಟ್ಟು ಮುಗಿದಿದೆ ಎಂದೆಲ್ಲ ಮಾತಾಡಿದರು. ನನಗೆ ಅಳು ಬಂತು. “ಏನೂ ಆಗಂಗಿಲ್ಲ, ಸುಮ್ಕಿರು,” ಎಂದರು. ಆಮೇಲೆ ವಾರಗಟ್ಟಲೆ ನಾನು ಬಾಯಿ ತೆರೆದಾಗಲೆಲ್ಲ ಅದೇ ಮಾತು. ಏನೂ ಆಗುವುದಿಲ್ಲ ಎನ್ನುವವರ ಮುಂದೆ ಹೆದರಿಕೆಯನ್ನು ಹೇಳಿಕೊಳ್ಳುವುದು ಹೇಗೆ? ನಾನೂ ಸುಮ್ಮನಾದೆ.

ಆಪರೇಷನ್ ಸುಸೂತ್ರವಾಯಿತು. ನರ ಉಳಿದಿದೆ ಎಂದರು. ಆದರೂ ಎಡಗಡೆಯ ತುಟಿ ಜೋತುಬಿದ್ದಿತ್ತು. ನೀರು ಕುಡಿದರೆ ಆ ಕಡೆಯಿಂದ ಸೋರುತ್ತಿತ್ತು. ನೋಡಲು ಬಂದವರು ನನ್ನ ಮುಖ ನೋಡಿ ತಟ್ಟನೆ ಬೇರೆ ಕಡೆ ನೋಡುತ್ತಿದ್ದರು. ಹಾಗೆ ಮಾಡದವರು ಮನೆ ಓನರ್ ಪುಟ್ಟಮ್ಮ ಒಬ್ಬರೇ. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವವರು. ನನ್ನ ಗದ್ದ ಹಿಡಿದು ಆಚೀಚೆ ತಿರುಗಿಸಿ ನೋಡಿದರು.

“ವಸಿ ಸೊಟ್ಟ ಆಗೈತೆ. ಇಂಗೇ ಇರಕಿಲ್ಲ ಬುಡು, ಸರಿಯಾಯ್ತದೆ. ಆಗ್ದಿದ್ರೂ ನೀನೇನು ಈಗ ಮದ್ವೆ ಹೆಣ್ಣಾ? ಗಂಜಿ ತಂದಿವ್ನಿ, ಕುಡಿ.”

ಅವತ್ತು ನಾನು ನಿಜವಾಗಿ ನಕ್ಕೆ. ಸೊಟ್ಟಗೇ ನಕ್ಕೆ.

ನಿಜವಾದ ಭಯ ಏನೆಂದು ಗೊತ್ತಾದದ್ದು ಆಮೇಲೆ. ಕರೆಂಟ್ ಕೊಡುವಾಗ ತಲೆ ಎಳ್ಳಷ್ಟೂ ಅಲುಗಬಾರದು. ಅದಕ್ಕಾಗಿ ಮುಖಕ್ಕೊಂದು ಮುಖವಾಡ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ, ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಹೊದಿಸಿ, ಭುಜದವರೆಗೆ ಎಳೆದು ಒತ್ತಿದರು. ಮೊದಲು ಬೆಚ್ಚಗಿತ್ತು. ನೋಡನೋಡುತ್ತ ಅದು ಗಟ್ಟಿಯಾಯಿತು. ಬಾಯಿ ತೆರೆಯಲು ಆಗುತ್ತಿಲ್ಲ. ಗದ್ದ ಆಡುತ್ತಿಲ್ಲ. ಹೇಗೋ ತಡೆದುಕೊಂಡೆ.

ಚಿಕಿತ್ಸೆಯ ಮೊದಲ ದಿನ ಅದೇ ಮುಖವಾಡವನ್ನು ಹಾಕಿ, ಮಂಚಕ್ಕೆ ಟಕ್ ಟಕ್ ಎಂದು ಬಿಗಿದರು. “ಅಮ್ಮಾ, ಐದೇ ನಿಮಿಷ. ನಾವು ಹೊರಗಿಂದ ಕ್ಯಾಮೆರಾದಲ್ಲಿ ನೋಡ್ತಾ ಇರ್ತೀವಿ. ಕಷ್ಟ ಆದ್ರೆ ಕೈ ಎತ್ತಿ,” ಎಂದು ಹೇಳಿ ಎಲ್ಲರೂ ಹೊರಟರು. ದಪ್ಪ ಬಾಗಿಲು ಮುಚ್ಚಿಕೊಂಡಿತು. ನಾನೊಬ್ಬಳೇ. ಉಗುಳು ನುಂಗಲು ಹೋದೆ, ಗಂಟಲು ಮುಖವಾಡಕ್ಕೆ ಒತ್ತಿತು. ಉಸಿರು ಎಳೆದರೆ ಸಾಲುತ್ತಿಲ್ಲ. ಇನ್ನಷ್ಟು ಎಳೆದೆ. ಎದೆ ಡಬಡಬ ಹೊಡೆದುಕೊಂಡಿತು. ಇವರು ನನ್ನನ್ನು ಮರೆತು ಹೋದರೆ? ಕರೆಂಟು ಹೋದರೆ? ಜೀವಂತ ಹೂತಿಟ್ಟ ಹಾಗೆ ಅನಿಸಿ ಎರಡೂ ಕೈ ಎತ್ತಿ ಬಡಿದಾಡಿದೆ. ಓಡಿ ಬಂದು ಬಿಚ್ಚಿದರು. ಎದ್ದು ಕುಳಿತು ವಾಂತಿ ಮಾಡಿಕೊಂಡೆ.

ಮಾರನೆಯ ದಿನವೂ ಆಗಲಿಲ್ಲ. ಅಂದು ಮಂಚದ ಬಳಿಗೇ ಹೋಗಲಾಗಲಿಲ್ಲ.

ಡಾಕ್ಟರು ಗದರಲಿಲ್ಲ. “ಮುಖವಾಡ ಇಲ್ದೆ ಕೊಡೋಕಾಗಲ್ಲಮ್ಮ. ಕೊಡದೆ ಬಿಟ್ರೆ ಮತ್ತೆ ಬರಬಹುದು,” ಎಂದರು. ಬೇಕಾದರೆ ಮಾತ್ರೆಯನ್ನೂ ಕೊಡೋಣ, ಮೊದಲು ಕೌನ್ಸೆಲರ್ ಹತ್ತಿರ ಮಾತಾಡಿ ಎಂದು ಕಳಿಸಿದರು. ಹೊರಗೆ ಈರಣ್ಣನಿಗೆ ಸಿಟ್ಟು ಬಂದಿತ್ತು.

“ಇಷ್ಟು ದೊಡ್ಡ ಆಪರೇಷನ್ ಮಾಡಿಸ್ಕೊಂಡಿ, ಐದು ನಿಮಿಷ ಮಲಗಾಕ ಏನಾತು ನಿನಗ? ಸಣ್ಣ ಹುಡುಗೀನ ನೀ?”

“ನೀವು ಮಲಗಿ ನೋಡ್ರಿ ಒಮ್ಮೆ,” ಎಂದೆ. ಅವರು ಬೇರೆ ಕಡೆ ಮುಖ ಮಾಡಿದರು.

ಕೌನ್ಸೆಲರ್ ಹೆಸರು ಶಾಲಿನಿ. ಸವಿತಾಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಸಣ್ಣ ಕೋಣೆಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಮೊಬೈಲಿನಲ್ಲಿ ಕೊಳಲಿನ ನಾದ ಹಾಕಿದಳು. “ನೀವು ಸಮುದ್ರದ ದಡದಲ್ಲಿದೀರಾ ಅಂದ್ಕೊಳ್ಳಿ. ಅಲೆ ಬರ್ತಾ ಇದೆ, ಹೋಗ್ತಾ ಇದೆ...”

ಕಣ್ಣು ತೆರೆದುಬಿಟ್ಟೆ. “ಮೇಡಂ, ನಾನು ಸಮುದ್ರ ನೋಡಿಲ್ಲ. ನೀರು ಕಂಡ್ರ ನನಗ ಅಂಜಿಕಿ.”

ಅವಳು ನಕ್ಕಳು, ಕೊಳಲು ನಿಲ್ಲಿಸಿದಳು. “ಸರಿ, ಸಮುದ್ರ ಬೇಡ. ದಿನಾ ಏನು ಕೆಲಸ ಮಾಡ್ತೀರಾ?”

“ರೊಟ್ಟಿ ಬಡಿತೀನ್ರಿ.”

“ರೊಟ್ಟಿ ಬಡಿಯುವಾಗ ಏನು ಯೋಚನೆ ಬರತ್ತೆ?”

ಏನು ಬರುವುದಿಲ್ಲ? ಗಂಟು, ಸ್ಕ್ಯಾನು, ಸವಿತಾಳ ಮದುವೆ, ನಾನಿಲ್ಲದ ಅಡುಗೆಮನೆ. ಎಲ್ಲ ಹೇಳಿದೆ.

“ಅಂದ್ರೆ ರೊಟ್ಟಿ ಒಂದು ಬಿಟ್ಟು ಉಳಿದಿದ್ದೆಲ್ಲ,” ಎಂದಳು ಶಾಲಿನಿ. “ಇವತ್ತು ಮನೆಗೆ ಹೋಗಿ ಒಂದೇ ಒಂದು ರೊಟ್ಟಿನ, ಬೇರೆ ಏನೂ ಮಾಡದೆ, ಬರೀ ರೊಟ್ಟಿನೇ ಬಡೀರಿ. ಹಿಟ್ಟು ಕೈಗೆ ಹೇಗೆ ತಾಗತ್ತೆ, ಎಷ್ಟು ಬಿಸಿ ಇದೆ, ಸದ್ದು ಹೇಗಿದೆ, ಅಷ್ಟೇ ಗಮನಿಸಿ. ಯೋಚನೆ ಬಂದೇ ಬರತ್ತೆ. ಬೈಕೋಬೇಡಿ. ವಾಪಸ್ ಕೈಗೆ ಬನ್ನಿ.”

“ಹಂಗ ಮಾಡಿದ್ರ ಹೆದರಿಕಿ ಹೋಗತೈತೇನ್ರಿ?”

“ಇಲ್ಲ,” ಎಂದಳು. “ಹೋಗತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅದು ಇರೋವಾಗಲೂ ಐದು ನಿಮಿಷ ಮಲಗೋಕೆ ಆಗಬಹುದು.”

ಆ ಮಾತಿಗೇ ನಾನು ಅವಳನ್ನು ನಂಬಿದ್ದು.

ಆದರೂ ಮನೆಗೆ ಬರುವಾಗ ಅನುಮಾನ. ಕ್ಯಾನ್ಸರಿಗೂ ರೊಟ್ಟಿಗೂ ಎತ್ತಣ ಸಂಬಂಧ? ಒಲೆ ಹಚ್ಚಿದೆ. ಹಿಟ್ಟಿಗೆ ಕುದಿನೀರು ಸುರಿದು ನಾದಿದೆ, ಮಣೆಯ ಮೇಲೆ ಉಂಡೆ ಇಟ್ಟೆ. ಬಡಿಯತೊಡಗಿದೆ. ಕೈಗೆ ಬಿಸಿ ತಾಗಿತು. ಅಂಚು ಸೀಳುತ್ತಿತ್ತು, ಬೆರಳು ತಾನಾಗಿ ಅದನ್ನು ಕೂಡಿಸುತ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ರೊಟ್ಟಿ ಬಡಿದಿದ್ದೇನೋ, ಆದರೆ ಒಂದನ್ನೂ ನೋಡಿರಲಿಲ್ಲ. ರೊಟ್ಟಿ ತಟ್ಟೆಯಗಲ ಆಗುವಷ್ಟರಲ್ಲಿ, ಎಲ್ಲಿಂದ ಬಂತೋ, ಹೆದರಿಕೆ ಉಕ್ಕಿ ಬಂತು. ಇಷ್ಟು ದಿನ ನೂರು ಯೋಚನೆಗಳ ಹಿಂದೆ ಅಡಗಿದ್ದದ್ದು ಈಗ ಎದುರಿಗೇ ನಿಂತಿತು. ಹಿಟ್ಟಿನ ಕೈಯಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ರೊಟ್ಟಿ ಮಣೆಯ ಮೇಲೇ ಒಣಗಿತು.

ಇದು ನನಗಾಗದ ಕೆಲಸ ಎಂದು ಶಾಲಿನಿಗೆ ಫೋನು ಮಾಡಿದೆ. “ಅತ್ತಿದ್ದು ಒಳ್ಳೇದಾಯ್ತು. ಅಳುವಾಗ ಮೈಯಲ್ಲಿ ಎಲ್ಲಿ ಹೆದರಿಕೆ ಆಯ್ತು?” ಎಂದು ಕೇಳಿದಳು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಯೋಚಿಸಿ, “ಗಂಟಲಾಗ. ಆಮ್ಯಾಲೆ ಹೊಟ್ಟ್ಯಾಗ,” ಎಂದೆ. “ಮೈಯೆಲ್ಲಾ ಅಲ್ವಲ್ಲ? ಅಂಗೈಲಿತ್ತಾ?” ಇರಲಿಲ್ಲ. ಅಂಗೈಯಲ್ಲಿ ಬಿಸಿ ಹಿಟ್ಟಷ್ಟೇ ಇತ್ತು.

ಅಲ್ಲಿಂದ ಸಿಕ್ಕಿದ ಕೆಲಸದಲ್ಲೆಲ್ಲ ಅದನ್ನೇ ಅಭ್ಯಾಸ ಮಾಡಿದೆ. ಬೇರೆ ಸಮಯ ಎಲ್ಲಿತ್ತು? ಪಾತ್ರೆ ತೊಳೆಯುವಾಗ ಬೂದಿ ಬಣ್ಣದ ನೀರು ಮೊಣಕೈಯಿಂದ ಇಳಿಯುವುದನ್ನು ನೋಡಿದೆ. ಮೆಟ್ರೊದಲ್ಲಿ ಕಂಬ ಹಿಡಿದಾಗ ಅದರ ತಣ್ಣನೆಯನ್ನು ಹಿಡಿದೆ. ಮೆಟ್ಟಿಲು ಹತ್ತುವಾಗ ಅಂಗಾಲು ಮುಟ್ಟುವುದನ್ನು, ಬಿಡುವುದನ್ನು ಗಮನಿಸಿದೆ. ಮನಸ್ಸು ಕ್ಷಣಕ್ಕೊಮ್ಮೆ ಆಸ್ಪತ್ರೆಗೆ ಓಡುತ್ತಿತ್ತು; ಕರೆದುಕೊಂಡು ಬರುತ್ತಿದ್ದೆ. ಅಂಗಳದಲ್ಲಿ ನಾನು ಕಣ್ಣು ಮುಚ್ಚಿ ಕುಳಿತದ್ದನ್ನು ಕಂಡು ಪುಟ್ಟಮ್ಮ ಗಾಬರಿಯಾದರು.

“ಯಾಕಮ್ಮಿ, ತಲೆ ಸುತ್ತು ಬಂತಾ? ಇಂಗ್ಯಾಕೆ ಕುಂತಿದ್ದೀಯ?”

“ಉಸಿರು ನೋಡಾಕತ್ತೀನ್ರೀ ಅಮ್ಮಾ.”

“ಅದನ್ನೇನು ನೋಡೋದು? ಅದು ಅದರ ಪಾಡಿಗೆ ಆಡ್ತದೆ.” ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವರೂ ಪಕ್ಕದ ಕಟ್ಟೆಯ ಮೇಲೆ ಕುಳಿತರು. ಏನು ನೋಡಿದರೋ ಗೊತ್ತಿಲ್ಲ, ಆದರೆ ನಾನು ಏಳುವವರೆಗೆ ಮಾತಾಡಲಿಲ್ಲ. ಪುಟ್ಟಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಅಭ್ಯಾಸಕ್ಕೆಂದು ಆಸ್ಪತ್ರೆಯಲ್ಲಿ ಒಮ್ಮೆ ಮುಖವಾಡವನ್ನು ನನ್ನ ಕೈಗೇ ಕೊಟ್ಟರು. ತಿರುಗಿಸಿ ನೋಡಿದೆ. ನನ್ನದೇ ಮೂಗು, ನನ್ನದೇ ಸೊಟ್ಟ ತುಟಿ. ಶಾಲಿನಿ ಮೊದಲು ಅದನ್ನು ಬಿಗಿಯದೆ ಬರೀ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಮುಂದಿನ ಸಲ ಮಂಚಕ್ಕೆ ಬಿಗಿದರು. ಬಾಗಿಲು ಮುಚ್ಚಿತು.

ಹೆದರಿಕೆ ಬಂತು. ಯಾವ ರಿಯಾಯಿತಿಯೂ ಇಲ್ಲದೆ, ಮೊದಲಿನಷ್ಟೇ ಬಂತು. ಗಂಟಲು ಬಿಗಿಯಿತು, ಕೈ ಏಳಲು ಹೊರಟಿತು. ಗಂಟಲಲ್ಲಿದೆ, ಹೊಟ್ಟೆಯಲ್ಲಿದೆ ಎಂದು ಗುರುತಿಸಿದೆ. ಅಂಗೈಯಲ್ಲಿ ಏನಿದೆ? ಮಂಚದ ಮೇಲೆ ಹಾಸಿದ ಬಟ್ಟೆಯ ಒರಟು. ಹಿಮ್ಮಡಿ ಮಂಚಕ್ಕೆ ತಾಗಿದೆ. ಮೂಗಿನ ತುದಿಯಲ್ಲಿ ಗಾಳಿ ಒಳಗೆ ಹೋಗುವಾಗ ತಣ್ಣಗೆ, ಬರುವಾಗ ಬೆಚ್ಚಗೆ. ಗಾಳಿ ಬರುತ್ತಿದೆ. ಉಸಿರೇ ಇಲ್ಲ ಎಂದು ನಾನು ಬಡಿದಾಡಿದ ದಿನವೂ ಬಂದೇ ಇತ್ತು. ಯಂತ್ರ ಗುಂಯ್ ಎಂದು ತಲೆಯ ಸುತ್ತ ತಿರುಗಿತು. ಮನಸ್ಸು ಕಳಚಿಕೊಳ್ಳುವಾಗಲೆಲ್ಲ ಅಂಗೈಗೆ ಬಂದೆ. ಕೊನೆಕೊನೆಗೆ ಆ ಬಟ್ಟೆಯ ಮೇಲೆ ಬೆರಳುಗಳು ಸಣ್ಣಗೆ, ಯಾರಿಗೂ ಕಾಣದಂತೆ, ರೊಟ್ಟಿಯ ಅಂಚು ಕೂಡಿಸುತ್ತಿದ್ದವು.

ಬಾಗಿಲು ತೆರೆಯಿತು. “ಮುಗೀತು ಅಮ್ಮಾ,” ಎಂದ ಟೆಕ್ನೀಶಿಯನ್. ಮುಖವಾಡ ತೆಗೆದಾಗ ಕೆನ್ನೆಯ ಮೇಲೆಲ್ಲ ಜಾಳಿಗೆಯ ಗುರುತು. ಕಣ್ಣೀರು ಕಿವಿಯೊಳಗೆ ಹರಿದಿತ್ತು. ಹೊರಗೆ ಈರಣ್ಣ ನನ್ನ ಮುಖ ನೋಡಿ ತಮ್ಮ ಕರವಸ್ತ್ರ ಕೊಟ್ಟರು.

ಅದು ರೂಢಿಯಾಯಿತು ಎಂದು ಬರೆಯಲು ಆಸೆ. ಆಗಲಿಲ್ಲ. ಪ್ರತಿ ದಿನವೂ ಹೊಸದಾಗಿ ಹೆದರಿದೆ. ಎರಡು ಸಲ ಕೈ ಎತ್ತಿದ್ದೂ ಉಂಟು. ಬಿಚ್ಚಿ, ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಬಿಗಿದರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಚಿಕಿತ್ಸೆ ಅರ್ಧ ದಾಟುವಾಗ ಬಾಯೆಲ್ಲ ಹುಣ್ಣು. ಜೊಲ್ಲು ಒಣಗಿತು. ಆಮೇಲೆ ರುಚಿ ಹೋಯಿತು. ಅಡುಗೆಯವಳಿಗೆ ನಾಲಗೆ ಹೋದರೆ ಏನು ಉಳಿಯಿತು? ಬೇಳೆ ಸಾರು ಬಾಯಿಗಿಟ್ಟರೆ ಬಿಸಿ ರಟ್ಟು ನೆಕ್ಕಿದ ಹಾಗೆ. ಕೆಲಸಕ್ಕೊಬ್ಬ ಹೆಂಗಸನ್ನು ಇಟ್ಟುಕೊಂಡಿದ್ದೆವು. ಆದರೂ ಸಾರಿಗೆ, ಪಲ್ಯಕ್ಕೆ ಉಪ್ಪು ಖಾರ ಹಾಕುವುದನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. ಕೈ ಅಳತೆಯೇ ಸಾಕು ಎಂಬ ಹಮ್ಮು. ಹುಡುಗರು ಉಣ್ಣುತ್ತಿದ್ದರು, ಹೋಗುತ್ತಿದ್ದರು. ಮಜ್ಜಿಗೆ ಮಾತ್ರ ಬಹಳ ಖರ್ಚಾಗುತ್ತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ.

ಒಂದು ದಿನ ಸವಿತಾ ಕಾಲೇಜಿನಿಂದ ಬೇಗ ಬಂದವಳು ಅವರ ಜೊತೆಯೇ ತಟ್ಟೆ ಹಾಕಿಕೊಂಡಳು. ಒಂದು ತುತ್ತು ಬಾಯಿಗಿಟ್ಟು ನಿಂತಳು.

“ಅವ್ವಾ! ಇದು ಸಮುದ್ರ ಆಗಿದೆ. ಇದನ್ನ ಹೇಗೆ ತಿಂತಿದೀರಾ ಅಣ್ಣಾ ನೀವೆಲ್ಲಾ?”

ಗದಗಿನ ಬಸು ಎನ್ನುವ ಹುಡುಗ ತಲೆ ಎತ್ತದೆ ರೊಟ್ಟಿ ಮುರಿಯುತ್ತ ಹೇಳಿದ, “ವಾರ ಆತು ಹಿಂಗ ಐತಿ. ಇರಲಿ ಬಿಡ್ರಿ ಅಕ್ಕಾರ, ನೀವು ಎದ್ದು ಒಲಿ ಮುಂದ ನಿಂತದ್ದ ನಮಗ ಸಾಕಾಗೈತಿ.”

ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಅಂದಿನಿಂದ ಉಪ್ಪು ನೋಡುವ ಕೆಲಸ ಸವಿತಾಳದು. ನಾನು ಊಟವನ್ನೂ ಅಭ್ಯಾಸ ಮಾಡಿಕೊಂಡೆ. ರುಚಿಯಿಲ್ಲದ ಗಂಜಿಯನ್ನು ಟಿ.ವಿ. ನೋಡುತ್ತ ನುಂಗಿಬಿಡುವ ಬದಲು, ಪ್ರತಿ ಚಮಚವನ್ನೂ ಬಾಯಲ್ಲಿಟ್ಟುಕೊಂಡು ಬೆಚ್ಚಗಿದೆಯೇ, ನುಣುಪಾಗಿದೆಯೇ ಎಂದು ನೋಡುತ್ತಿದ್ದೆ. ಹೀಗಿರುವಾಗಲೇ, ಚಿಕಿತ್ಸೆ ಮುಗಿದು ಎಷ್ಟೋ ವಾರದ ಮೇಲೆ, ಪುಟ್ಟಮ್ಮ ಕೊಟ್ಟ ಮಜ್ಜಿಗೆಯಲ್ಲಿ ನಾಲಗೆಯ ಬದಿಗೆ ಏನೋ ಚುರುಕ್ ಎಂದಿತು. ಹುಳಿ! ಗಮನವಿಟ್ಟು ಕಾಯದಿದ್ದರೆ ಅಷ್ಟು ಸಣ್ಣದು ತಪ್ಪಿಹೋಗುತ್ತಿತ್ತೇನೋ. ಲೋಟ ಹಿಡಿದುಕೊಂಡು ಬೀದಿಗೆ ಓಡಿ ಪುಟ್ಟಮ್ಮನಿಗೆ ಹೇಳಿದೆ. “ಉಳಿ ಮಜ್ಜಿಗೆ ಕೊಟ್ಟೆ ಅಂತ ಬೈಯ್ತೀಯೇನೋ ಅನ್ಕಂಡೆ,” ಎಂದರು.

ಈಗ ರುಚಿ ಮುಕ್ಕಾಲು ಪಾಲು ಮರಳಿದೆ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಯಾವಾಗಲೂ ಸೊಂಟದ ಬಳಿಯೇ. ತುಟಿ ಹತ್ತಿರ ಹತ್ತಿರ ಸರಿಯಾಗಿದೆ. ನಾನು ಧೈರ್ಯವಂತೆಯಾದೆ ಎಂದು ನಮ್ಮೂರಿನವರು ಹೇಳುತ್ತಾರೆ. ಅದು ಸುಳ್ಳು. ತಪಾಸಣೆಯ ದಿನ ಹತ್ತಿರವಾದಂತೆ ಇಂದಿಗೂ ನನಗೆ ಕೈಕಾಲು ತಣ್ಣಗಾಗುತ್ತವೆ.

ಕಳೆದ ತಪಾಸಣೆಯಲ್ಲಿ ಡಾಕ್ಟರು ಸ್ಕ್ಯಾನನ್ನು ಬಹಳ ಹೊತ್ತು ನೋಡಿದರು. ಕುತ್ತಿಗೆಯಲ್ಲಿ ಸಣ್ಣದೊಂದು ಚುಕ್ಕೆ ಕಾಣುತ್ತಿದೆ, ಆಪರೇಷನ್ನಿನ ಗಾಯದ್ದೇ ಇರಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಇರಬಹುದು ಎಂಬ ಮಾತನ್ನು ಹೊತ್ತುಕೊಂಡು ಮೆಟ್ರೊ ಹತ್ತಿದೆವು. ದಾಸರಹಳ್ಳಿ ಬರುವವರೆಗೆ ಈರಣ್ಣ ಒಂದು ಮಾತೂ ಆಡಲಿಲ್ಲ. ಸಿಲಿಂಡರಿನ ಮಾತಿಲ್ಲ, ಹಿಟ್ಟಿನ ಮಾತಿಲ್ಲ.

ಮನೆಯ ಹೊರಗಿನ ಮೆಟ್ಟಿಲಲ್ಲಿ ನಾನು ಕುಳಿತುಬಿಟ್ಟೆ. ಮೇಲೆ ಹೋಗುವ ಮುನ್ನ ಸ್ವಲ್ಪ ಹೊತ್ತು ಉಸಿರಿನ ಜೊತೆ ಇರಬೇಕಿತ್ತು. ಸಂಜೆಯ ಬಿಸಿಲು ಇನ್ನೂ ಇತ್ತು. ಈರಣ್ಣ ನನ್ನನ್ನು ದಾಟಿ ಮೇಲೆ ಹೋದರು, ಮತ್ತೆ ಇಳಿದು ಬಂದರು, ನನ್ನ ಪಕ್ಕದಲ್ಲಿ ಕುಳಿತರು.

“ಮಾದೇವಿ,” ಎಂದರು. “ನೀ ಏನೋ ಮಾಡ್ತಿಯಲ್ಲ, ಹಿಂಗ ಕುಂತು. ನನಗೂ ಹೇಳಿಕೊಡು.”

“ನಿಮಗ್ಯಾಕ?”

ಅವರ ದನಿ ಒಡೆಯಿತು. “ಆ ಡಾಕ್ಟರ್ ಹೇಳಿದಾಗಿಂದ ಕಾಲು ನಡಗಾಕತ್ತಾವು. ಮೊದಲನೇ ದಿನದಿಂದನೂ ಹಿಂಗ ಐತಿ ನನಗ. ಯಾರಿಗೆ ಹೇಳ್ಲಿ?”

ಅವರ ಮುಖವನ್ನು ನೋಡಿದೆ. ನಾನು ಎಷ್ಟು ಒಂಟಿಯಾಗಿ ಹೆದರಿದ್ದೆನೋ ಅಷ್ಟೇ ಒಂಟಿಯಾಗಿ ಇವರೂ, ಅದೇ ಮನೆಯಲ್ಲಿ, ಹೆದರಿದ್ದರು.

“ಚಪ್ಪಲಿ ತಗೀರಿ,” ಎಂದೆ. ತೆಗೆದರು. “ಅಂಗಾಲಿಗೆ ಏನು ಹತ್ತೈತಿ?”

“ಮೆಟ್ಟಲಾ.”

“ಹೆಂಗೈತಿ?”

ಕಣ್ಣು ಮುಚ್ಚಿದರು. ಯೋಚಿಸಿದರು. “ಬೆಚ್ಚಗೈತಿ. ಬಿಸಲಿಗೆ ಕಾದೈತಿ.”

ಕೆಳಗೆ ಊಟದ ಕೋಣೆಯಿಂದ “ಅಕ್ಕಾರ, ರೊಟ್ಟಿ!” ಎಂದು ಯಾರೋ ಕೂಗಿದರು. “ತಡೀರಿ, ನಾ ಕೊಡ್ತೀನಿ,” ಎನ್ನುವ ಸವಿತಾಳ ದನಿ ಕೇಳಿತು.

“ಈಗೇನು ಮಾಡ್ಲಿ?” ಎಂದರು ಈರಣ್ಣ, ಕಣ್ಣು ತೆರೆಯದೆ.

“ಏನೂ ಮಾಡಬ್ಯಾಡ್ರಿ. ಅಂಜಿಕಿ ಬಂದ್ರ ಬರಲಿ. ಕಾಲು ಅಲ್ಲೇ ಇರಲಿ.”

ಅವರು ಕಾಲು ಅಲ್ಲೇ ಇಟ್ಟರು. ನಾನೂ ಚಪ್ಪಲಿ ಕಳಚಿ, ಅದೇ ಮೆಟ್ಟಿಲ ಮೇಲೆ ನನ್ನ ಕಾಲಿಟ್ಟೆ.